ಖಾಲಿ ಗೋಡೌನಿನಲ್ಲಿ ಹಾಡಿದ್ದು

ಜನವರಿ 19, ಭಾನುವಾರ

ಹಾಲೇಶನ ಡ್ರಮ್ಸ್ ರೆಕಾರ್ಡಿಂಗ್ ಮುಗಿಯಿತು. ಎಂಟು ಹಾಡು, ಮೂರು ಭಾನುವಾರ. ಆಲ್ದೂರಿನಲ್ಲಿ ಪಂಪ್‌ಸೆಟ್ಟು, ಕಳೆ ಹೊಡೆಯುವ ಮೆಷಿನ್ನು ರಿಪೇರಿ ಮಾಡುವ ಮನುಷ್ಯ ಇವತ್ತು ಕೊನೆಯ ಹಾಡಿಗೆ ಎರಡು ಕೋಲು ಮುರಿದ. ಮುರಿಯಲಿ. ಒಂದೊಂದು ಹೊಡೆತವೂ ಹಲಗೆಗೆ ಮೊಳೆ ಇಳಿದ ಹಾಗೆ ಬಿದ್ದಿದೆ.

ಅದಕ್ಕೆ ಕಾರಣ ಗೋಡೌನು, ಗೋಡೌನಿನ ಯೋಚನೆ ನನ್ನದು. ಒಂಬತ್ತು ವರ್ಷದಿಂದ ಈ ಎಸ್ಟೇಟಿನ ರೈಟರಾಗಿ ಲೆಕ್ಕಪುಸ್ತಕ, ಕೀಲಿಕೈ ಹೊತ್ತುಕೊಂಡು ತಿರುಗಿದ್ದಕ್ಕೆ ಇಷ್ಟಾದರೂ ಸಿಗಬೇಡವೇ? ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿ ಮೂಟೆ ಕಟ್ಟಿದ ಪಾರ್ಚ್‌ಮೆಂಟ್ ಕಾಫಿ ಮೂರು ಗೋಡೆಗೂ ಮಾಡಿನ ತನಕ ಏರಿದೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತದೆ. ಸ್ಟುಡಿಯೋದವರು ಇದಕ್ಕಾಗಿಯೇ ಗೋಡೆಗೆಲ್ಲ ಫೋಮು ಅಂಟಿಸುತ್ತಾರೆ. ನಮಗೆ ಗೋಣಿಚೀಲ ಸಾಕು.

ಮಲ್ಲಿಕಾರ್ಜುನ ಗೌಡರು ಬಾಗಿಲಲ್ಲಿ ನಿಂತು ಒಂದು ಹಾಡು ಕೇಳಿದರು. "ಎಂತ ಮಾರಾಯ ಇದು, ಪಲ್ಪರಿಗೆ ಕಲ್ಲು ಬಿದ್ದ ಹಾಗೆ!"

"ತಂಡದ ಹೆಸರೇ ಪಲ್ಪರ್ ಸಾರ್" ಎಂದೆ. ಕಾಫಿ ಹಣ್ಣು ಸುಲಿಯುವ ಮೆಷಿನ್ನಿನ ಹೆಸರೇ ನಮ್ಮ ತಂಡಕ್ಕೆ. ಎಸ್ಟೇಟು ಅವರದು, ಗೋಡೌನು ಅವರದು, ನಗುವುದೂ ಅವರೇ. ಒಳ್ಳೆಯ ಮನುಷ್ಯ.

ಮುಂದೆ ನನ್ನ ಗಿಟಾರು. ಬೇಸ್ ಗಿಟಾರೂ ನಾನೇ. ಆಮೇಲೆ ಮೇಘಶ್ರೀ ಹಾಡಿದರೆ ಮುಗಿಯಿತು. ನನ್ನ ಮೊದಲ ಆಲ್ಬಂ ಮಳೆಗಾಲಕ್ಕೆ ಮುಂಚೆ ಬರಬೇಕು. ಹೆಸರು 'ಕಾಂಡಕೊರಕ', ಕಾಫಿ ಗಿಡದ ಒಳಗೇ ಕೂತು ಗಿಡ ತಿನ್ನುವ ಹುಳ. ಹೆಸರಿಟ್ಟವನೂ ನಾನೇ.

ಫೆಬ್ರವರಿ 2, ಭಾನುವಾರ

ಗಿಟಾರು ಮುಗಿಯಿತು. ಎಡಗೈಯ ಮೂರು ಬೆರಳು ಸುಲಿದಿವೆ, ಮನಸ್ಸಿಗೆ ಮಾತ್ರ ಹಬ್ಬ. ಇಂಥ ಒಣ, ಗಟ್ಟಿ ಸದ್ದು ನನ್ನ ಕೈಯಿಂದ ಯಾವತ್ತೂ ಬಂದಿರಲಿಲ್ಲ.

ಮೇಘಶ್ರೀ ಎರಡು ವಾರವೂ ಬಂದು ಮೂಟೆಯ ಮೇಲೆ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಎರಡನೇ ತರಗತಿಯ ಟೀಚರು. ಆ ಮಕ್ಕಳಿಗೆ ಅವಳ ಇನ್ನೊಂದು ದನಿ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಗಣಪತಿ ಪೆಂಡಾಲಿನಲ್ಲಿ ಭಾವಗೀತೆ ಹಾಡಿ ಮುಗಿಸಿದವಳು, ಮೈಕ್ ಸೆಟ್ಟಿನ ಪಕ್ಕ ತೂಕಡಿಸುತ್ತಿದ್ದ ಹಾಲೇಶನನ್ನು ಎಬ್ಬಿಸಲಿಕ್ಕೆಂದು ಹೊಟ್ಟೆಯ ಬುಡದಿಂದ ಒಂದು ಗುಟುರು ಹಾಕಿದಳು. ಮುಂದಿನ ಸಾಲಿನ ಅಜ್ಜಂದಿರು ಎದ್ದೇ ನಿಂತರು. ನಮ್ಮದು ಕೂಗಿ ಹಾಡುವ ಮೆಟಲ್ ಸಂಗೀತ, ನೀನು ನಮ್ಮ ತಂಡಕ್ಕೆ ಬಾ ಎಂದು ಅವತ್ತೇ ಕರೆದೆ. ಅವಳನ್ನು ಕಂಡುಹಿಡಿದವನು ನಾನು. ಇಲ್ಲಿ ಬರೆದಿಟ್ಟಿರುತ್ತೇನೆ, ಬೇರೆಲ್ಲೂ ಯಾರೂ ಬರೆಯುವುದಿಲ್ಲ.

ಫೆಬ್ರವರಿ 9, ಭಾನುವಾರ

ನಿನ್ನೆ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ನಮ್ಮ ಕಾರ್ಯಕ್ರಮ. ಬ್ಯಾನರಿನಲ್ಲಿ 'ಮೇಘಶ್ರೀ ಮತ್ತು ತಂಡ' ಎಂದಿತ್ತು. 'ಮತ್ತು ತಂಡ' ಅಂದರೆ ನಾನು ಮತ್ತು ಹಾಲೇಶ. ತಪ್ಪಾಗಿದೆ ಎಂದು ಸಂಘಟಕರಿಗೆ ಹೇಳಿದರೆ, "ಹೌದಾ ಸಾರ್? ಮುಂದಿನ ಸಲ ಸರಿ ಮಾಡ್ತೀವಿ" ಎಂದರು. ಮುಂದಿನ ಸಲವಂತೆ.

ಅವಳು ಹಾಡಿದ್ದು ಚೆನ್ನಾಗಿಯೇ ಇತ್ತು. ಇಲ್ಲ ಎನ್ನುವುದಿಲ್ಲ. ಮುಗಿದ ಮೇಲೆ ಹುಡುಗಿಯರ ಹಿಂಡು ಬಂದು ಅವಳನ್ನು ಮುತ್ತಿಕೊಂಡಿತು. ಒಬ್ಬಳು ನನ್ನ ಕೈಗೆ ಫೋನ್ ಕೊಟ್ಟು, "ಅಣ್ಣಾ, ಒಂದು ಫೋಟೋ ತೆಗೀತೀರಾ?" ಎಂದಳು. ಹದಿನಾಲ್ಕು ವರ್ಷ ತಂತಿ ಉಜ್ಜಿ ಬೆರಳು ಸವೆಸಿದವನು ನಾಲ್ಕು ಫೋಟೋ ತೆಗೆದುಕೊಟ್ಟೆ. ಕೊನೆಯದರಲ್ಲಿ ಮೇಘಶ್ರೀ, "ಪ್ರಸಾದಣ್ಣ, ನೀವೂ ಬನ್ನಿ" ಎಂದು ಕರೆದಳು. ಹೋಗಲಿಲ್ಲ.

ಹೊಟ್ಟೆಕಿಚ್ಚಲ್ಲ. ನನ್ನ ಸ್ವಭಾವದಲ್ಲಿ ಅದಿಲ್ಲ. ತಂಡವೆಂದರೆ ತಂಡ, ಅಷ್ಟೇ ನನ್ನ ಮಾತು.

ಫೆಬ್ರವರಿ 12, ಬುಧವಾರ

ಗೌಡರು ಆಫೀಸಿಗೆ ಬಂದಿದ್ದರು. "ಪ್ರಸಾದ, ಪಾರ್ಚ್‌ಮೆಂಟು ಈ ತಿಂಗಳೊಳಗೆ ಕ್ಯೂರಿಂಗ್ ವರ್ಕ್ಸಿಗೆ ಹೋದ್ರೆ ಆಯ್ತು. ನಿಮ್ಮ ಹುಡುಗಿ ಹಾಡೋದು ಬಾಕಿ ಇದ್ಯಲ್ಲ? ಅದು ಮುಗಿಸ್ಕೊಂಡೇ ಲಾರಿ ಕರ್ಸು. ಆತುರ ಎಂತದೂ ಇಲ್ಲ" ಎಂದರು.

ಕಾಫಿಯ ಹೊಟ್ಟು ತೆಗೆಯುವ ಆ ಕಾರ್ಖಾನೆಗೆ ಮೂಟೆ ಸಾಗಿಸುವ ಲಾರಿಯವನಿಗೆ ಫೋನ್ ಮಾಡಿದೆ. ಶುಕ್ರವಾರ ಖಾಲಿ ಇದ್ದೇನೆ, ಆಮೇಲಾದರೆ ತಿಂಗಳ ಕೊನೆಗೆ ಎಂದ. ಶುಕ್ರವಾರವೇ ಬಾ ಎಂದೆ. ಆಗುವ ಕೆಲಸವನ್ನು ಮುಂದೂಡುವುದು ನನ್ನ ಜಾಯಮಾನವಲ್ಲ. ರೈಟರ್ ಕೆಲಸ ಬೇರೆ, ಹಾಡು ಬೇರೆ.

ಸಂಜೆ ಮೇಘಶ್ರೀಗೆ ಫೋನ್ ಮಾಡಿ, ಮೂಟೆ ನಾಡಿದ್ದೇ ಹೋಗುತ್ತದೆ, ಗೌಡರು ಕೇಳುತ್ತಿಲ್ಲ, ಹತ್ತು ದಿನ ಬಿಡಿ ಎಂದು ಬೇಡಿಕೊಂಡೆ, ಆಗಲ್ಲ ಅಂದರು ಎಂದೆ. ಬಾಯಿಗೆ ಹೇಗೆ ಬಂತೋ ಹಾಗೆ ಹೇಳಿಬಿಟ್ಟೆ.

ಅವಳು, "ನೀವು ನಮಗೋಸ್ಕರ ಕೇಳಿದ್ರಲ್ಲ ಪ್ರಸಾದಣ್ಣ, ಅದೇ ದೊಡ್ಡದು. ಖಾಲಿ ಗೋಡೌನಲ್ಲೇ ಹಾಡೋಣ ಬಿಡಿ, ಎಂತ ಆಗ್ತದೆ?" ಎಂದಳು.

ನಾನೂ ಅದನ್ನೇ ಹೇಳುತ್ತೇನೆ. ಎಂತ ಆಗುತ್ತದೆ?

ಫೆಬ್ರವರಿ 14, ಶುಕ್ರವಾರ

ಲೋಡಾಯಿತು. ಗೋಡೌನು ಗುಡಿಸಿ ಬೀಗ ಹಾಕಿದೆ.

ಫೆಬ್ರವರಿ 16, ಭಾನುವಾರ

ಇಷ್ಟು ಕೆಡುತ್ತದೆ ಎಂದುಕೊಂಡಿರಲಿಲ್ಲ. ಅವಳು ಒಂದು ಸಾಲು ಹಾಡಿದರೆ ನಾಲ್ಕು ಗೋಡೆಯೂ ಅದನ್ನು ತಿರುಗಿ ಹಾಡುತ್ತವೆ. ಟಾರ್ಪಾಲು ಇಳಿಬಿಟ್ಟೆವು, ಕಂಬಳಿ ಕಟ್ಟಿದೆವು, ಅವಳ ಅಮ್ಮ ವಸಂತಮ್ಮನ ಮನೆಯಿಂದ ಎರಡು ಹಾಸಿಗೆ ತಂದು ಒರಗಿಸಿದೆವು. ತಗಡಿನ ಮಾಡಿಗೆ ಏನು ಕಟ್ಟುವುದು? ಹೆಡ್‌ಫೋನಿನಲ್ಲಿ ನನ್ನ ಗಿಟಾರು ಕಿವಿಯ ಪಕ್ಕದಲ್ಲಿದೆ, ಅವಳ ದನಿ ಬಾವಿಯ ತಳದಲ್ಲಿದೆ. ತನ್ನ ದನಿ ತನಗೇ ಕೇಳುತ್ತಿಲ್ಲವೆಂದು ಅವಳು ಇನ್ನೂ ಜೋರಾಗಿ ಹಾಡುತ್ತಾಳೆ.

ಹಾಲೇಶ ಹೇಳಿದ, "ಇವಳ ಮನೆ ಕೋಣೇಲೇ ಹಾಡ್ಸಣ ಮಾರಾಯ. ಈ ಹಾಸಿಗೆನೂ ವಾಪಸ್ ಅಲ್ಲಿಗೇ ಒಯ್ದ್ರಾಯ್ತು."

ಆಗಲ್ಲ ಎಂದೆ. ಡ್ರಮ್ಸು, ಗಿಟಾರು ಒಂದು ಜಾಗದ್ದು, ದನಿ ಇನ್ನೊಂದು ಜಾಗದ್ದು ಆದರೆ ಆಲ್ಬಂ ತೇಪೆ ಹಾಕಿದ ಅಂಗಿಯಾಗುತ್ತದೆ. ನನ್ನ ಮಾತಿನಲ್ಲಿ ನ್ಯಾಯವಿತ್ತು. ಈಗ ಬರೆಯುವಾಗ ಅನ್ನಿಸುತ್ತಿದೆ, ಮೂಟೆ ಇದ್ದ ಗೋಡೌನು ಒಂದು ಜಾಗ, ಇಲ್ಲದ ಗೋಡೌನು ಇನ್ನೊಂದು ಜಾಗವೇ ತಾನೆ? ಅವರಿಬ್ಬರಿಗೂ ಅದು ಹೊಳೆಯಲಿಲ್ಲ, ಸದ್ಯ.

ಇವತ್ತು ಒಂದು ಹಾಡೂ ಓಕೆ ಆಗಲಿಲ್ಲ.

ಫೆಬ್ರವರಿ 23, ಭಾನುವಾರ

ಮೂರು ಹಾಡು ಓಕೆ. ಮೇಘಶ್ರೀಗೆ ಹಟ ಜಾಸ್ತಿ. ವಸಂತಮ್ಮ ಫ್ಲಾಸ್ಕಿನಲ್ಲಿ ಕಾಳುಮೆಣಸು, ಬೆಲ್ಲದ ಕಷಾಯ ಕಳಿಸಿದ್ದರು. ಮಧ್ಯಾಹ್ನಕ್ಕೇ ಖಾಲಿ.

ಮಾರ್ಚ್ 2, ಭಾನುವಾರ

ಎಂಟೂ ಮುಗಿಯಿತು. ಕೊನೆಯ ಹಾಡಿನ ಕೊನೆಯ ಕೂಗಿಗೆ ಅವಳ ದನಿ ನಡುವೆಯೇ ಸೀಳಿತು. ಅವಳೇ ನಕ್ಕಳು. "ಇದೇ ಇರ್ಲಿ ಪ್ರಸಾದಣ್ಣ, ಕಾಂಡಕೊರಕ ಹೊಕ್ಕ ಗಿಡ ಮುರಿಯೋದು ಹೀಗೇ" ಎಂದಳು. ಹೇಳುವಾಗ ದನಿ ಗೊಗ್ಗರಾಗಿತ್ತು. ಎರಡು ದಿನ ಬಿಸಿನೀರು ಕುಡಿದರೆ ಸರಿಹೋಗುತ್ತದೆ.

ಎಂಟೂ ಹಾಡು ಬೆಂಗಳೂರಿಗೆ ಕಳಿಸಿದೆ. ಅಲ್ಲಿ ರಾಜೇಶ ಮಿಕ್ಸಿಂಗ್ ಮಾಡಿ ಕೊಡುತ್ತಾನೆ.

ಮಾರ್ಚ್ 10, ಸೋಮವಾರ

ಸರಿಹೋಗಿಲ್ಲ. ಇವತ್ತು ಕ್ಲಾಸಿನಲ್ಲಿ ಹಾಜರಿ ಕೂಗಲಿಕ್ಕೆ ದನಿಯೇ ಬರಲಿಲ್ಲವಂತೆ. ಮಕ್ಕಳೇ ತಮ್ಮ ತಮ್ಮ ಹೆಸರು ಕೂಗಿಕೊಂಡು 'ಎಸ್ ಮಿಸ್' ಅಂದವಂತೆ. ಹಾಲೇಶ ನಗುತ್ತ ಹೇಳಲು ಶುರು ಮಾಡಿ, ನಗದೆ ಮುಗಿಸಿದ.

ಮಾರ್ಚ್ 13, ಗುರುವಾರ

ಚಿಕ್ಕಮಗಳೂರಿನ ಗಂಟಲಿನ ಡಾಕ್ಟರ ಹತ್ತಿರ ಅವಳನ್ನೂ ವಸಂತಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹುಟ್ಟುವ ಎರಡು ಮಡಿಕೆಗಳಲ್ಲಿ ಒಂದರೊಳಗೆ ರಕ್ತ ಒಸರಿ ಕೆಂಪಾಗಿದೆ, ಇನ್ನೊಂದರ ಮೇಲೆ ಗಂಟು ಎದ್ದಿದೆ. ಆರು ವಾರ ಒಂದು ಅಕ್ಷರ ಮಾತಾಡಕೂಡದು, ಪಿಸುಮಾತೂ ಕೂಡದು. ಆಮೇಲೆ ನೋಡಿ ಆಪರೇಷನ್ ಬೇಕೋ ಬೇಡವೋ ಹೇಳುತ್ತಾರೆ.

ವಸಂತಮ್ಮ ಕೇಳಿದರು, "ಹಾಡೋದು ಸಾರ್?"

"ಮಾತಾಡೋ ದನಿ ಉಳಿಸ್ಕೊಳ್ಳೋಣಮ್ಮ ಮೊದ್ಲು. ಈ ಥರ ಕೂಗೋ ಹಾಡನ್ನಂತೂ ಮರ್ತುಬಿಡಿ."

ಮೇಘಶ್ರೀ ಪರದೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ವಸಂತಮ್ಮ ಗೌಡರನ್ನು ಬೈದರು. "ಹತ್ತು ದಿನ ಮೂಟೆ ಇಟ್ಕೊಂಡಿದ್ರೆ ಅವ್ರ ಗಂಟೇನು ಹೋಗ್ತಿತ್ತು? ಇದ್ದೋರಿಗೆ ಇಲ್ಲದೋರ ಕಷ್ಟ ಎಲ್ಲಿ ತಿಳೀತದೆ?" ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಆಗಲೇ ಹೇಳಬೇಕಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರೂ ಇದ್ದರು. ಕಾರು ನಿಲ್ಲಿಸಿ ತಿರುಗಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮಾರ್ಚ್ 20, ಗುರುವಾರ

ಕಾಫಿ ಹೂ ಅರಳಿಸುವ ಹೂಮಳೆ ಬಂತು. ಇಡೀ ಎಸ್ಟೇಟಿಗೆ ಸಂತೋಷ. ಶಾಲೆಯವರು ಪರೀಕ್ಷೆ ಮುಗಿಯುವ ತನಕ ಮೇಘಶ್ರೀಯ ಜಾಗಕ್ಕೆ ಬೇರೆ ಟೀಚರನ್ನು ಹಾಕಿಕೊಂಡಿದ್ದಾರೆ. ಜೂನಿನಲ್ಲಿ ದನಿ ಬಂದರೆ ನೋಡೋಣ ಎಂದರಂತೆ.

ಮಾರ್ಚ್ 24, ಸೋಮವಾರ

ಗೌಡರು ಕೇಳಿದರು. "ಆಲ್ದೂರಲ್ಲಿ ವಸಂತಮ್ಮ ಸಿಕ್ಕಿದ್ರು. ಮಗಳು ಹೇಗಿದ್ದಾಳಮ್ಮ ಅಂದ್ರೆ ಮುಖ ತಿರುಗಿಸ್ಕೊಂಡು ಹೋದ್ರು. ನಾನೆಂತ ಮಾಡಿದೆ ಮಾರಾಯ ಅವ್ರಿಗೆ?"

"ಗೊತ್ತಿಲ್ಲ ಸಾರ್. ಮಗಳ ಚಿಂತೆ ಇರಬೇಕು."

"ಅಲ್ಲ, ನೀನು ಹಾಡು ಮುಗಿಸ್ಕೊಂಡೇ ಲೋಡ್ ಮಾಡ್ಸಿದ್ದು ತಾನೆ?"

ಹೌದು ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಹೋದ ಮೇಲೆ ನೋಡಿದರೆ ಅಂಗಿಯ ಬೆನ್ನು ಒದ್ದೆಯಾಗಿತ್ತು. ಒಂದು ಸುಳ್ಳು ಅತ್ತ, ಒಂದು ಸುಳ್ಳು ಇತ್ತ. ಏನೂ ಮಾಡದ ಮನುಷ್ಯ ಮಧ್ಯದಲ್ಲಿ ನಿಂತು ಬೈಸಿಕೊಳ್ಳುತ್ತಿದ್ದಾರೆ.

ಏಪ್ರಿಲ್ 2, ಬುಧವಾರ

ರಾಜೇಶನ ಫೋನ್. "ಏನ್ ದನಿ ಗುರು ಅದು! ಆದ್ರೆ ಎಲ್ಲ ಗುಂಯ್ ಅಂತಿದೆ. ಡ್ರಮ್ಸ್ ಒಂದೂರು, ಸಿಂಗರ್ ಒಂದೂರು. ಇನ್ನೊಂದ್ಸಲ ಹಾಡ್ಸಿ ಕಳ್ಸು" ಎಂದ.

ಇನ್ನೊಂದು ಸಲ ಇಲ್ಲ ಎಂದೆ. ಯಾಕೆ ಎಂದು ಕೇಳಿದ. ಇಲ್ಲ ಎಂದೆ.

ಅವಳು ಹಾಡಿ ಓಕೆ ಆಗದೆ ಉಳಿದ ರೆಕಾರ್ಡಿಂಗ್‌ಗಳಲ್ಲಿ ಒಳ್ಳೆಯ ತುಣುಕು ಸಿಗಬಹುದೆಂದು ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿಕೊಂಡು ಮೊದಲಿನಿಂದ ಕೇಳಿದೆ. ಮೂರು ಭಾನುವಾರದ್ದೂ ಇದೆ, ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆಯುತ್ತಿದ್ದೆ. ಹಾಡು ಮುಗಿದ ಮೇಲಿನದೂ ಇದೆ. ಅವಳು ಉಗುಳು ನುಂಗುವುದು, ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು. ಆಮೇಲೆ ಒಬ್ಬ ಗಂಡಸು, "ಮತ್ತೊಮ್ಮೆ." ಅವಳು, "ಆಯ್ತು ಪ್ರಸಾದಣ್ಣ." ಮತ್ತೆ ಹಾಡು. ಮತ್ತೆ ಆ ಗಂಡಸು, "ಮತ್ತೊಮ್ಮೆ." ಅವಳ "ಆಯ್ತು ಪ್ರಸಾದಣ್ಣ" ಒಂದೊಂದು ಸಲಕ್ಕೂ ಇಷ್ಟಿಷ್ಟೇ ಒಡೆಯುತ್ತ ಹೋಗುತ್ತದೆ. ಮೂರನೇ ಭಾನುವಾರ ಹಾಲೇಶ, "ಸಾಕು ಬಿಡಾ, ಹುಡುಗಿ ಗಂಟಲು ಹೋಗ್ತದೆ" ಎನ್ನುತ್ತಾನೆ. ಆ ಗಂಡಸು, "ಆಲ್ಬಂ ನಂದು ಹಾಲೇಶ. ನಂಗೊತ್ತು" ಎನ್ನುತ್ತಾನೆ. ಎಂಥ ಒಣ ದನಿ ಅವನದು. ಅದಕ್ಕೆ ಗೋಣಿಚೀಲವೇ ಬೇಡ.

ಆ ಗಂಡಸು ಎಂದು ಯಾಕೆ ಬರೆಯುತ್ತಿದ್ದೇನೆ? ನಾನೇ.

ಏಪ್ರಿಲ್ 4, ಶುಕ್ರವಾರ

ರಾಜೇಶನಿಗೆ ಹೇಳಿದೆ, ಗಿಟಾರನ್ನು ಇಳಿಸು, ಅವಳ ದನಿ ಮುಂದೆ ಬರಲಿ. ಇಳಿಸಿ ಕಳಿಸಿದ. ಇನ್ನೂ ಇಳಿಸು ಎಂದೆ. "ಗಿಟಾರಿನೋನಾಗಿ ಹೀಗೆ ಕೇಳೋನು ನೀನೊಬ್ಬನೇ" ಎಂದು ನಕ್ಕ. ಎರಡನೇ ಹಾಡಿನ ಮಧ್ಯೆ ನಾನೊಬ್ಬನೇ ನುಡಿಸುವ ಜಾಗವನ್ನೂ ತೆಗೆಸಿದೆ. ಅಲ್ಲಿ ಅವಳು ಉಸಿರು ಎಳೆದುಕೊಳ್ಳುವುದು ಮುಚ್ಚಿಹೋಗುತ್ತಿತ್ತು.

ಹಾಡು ಈಗ ಪರವಾಗಿಲ್ಲ. ಪೂರ್ತಿ ಸರಿಯಾಗುವುದು ಯಾವತ್ತೂ ಇಲ್ಲ.

ಏಪ್ರಿಲ್ 10, ಗುರುವಾರ

ಸಿ.ಡಿ.ಯ ಜೊತೆಗೆ ಒಂದು ಮಡಿಕೆ ಹಾಳೆ ಇರುತ್ತದೆ. ಅದರಲ್ಲಿ ಕೃತಜ್ಞತೆಯ ಸಾಲುಗಳನ್ನು ಮೇಘಶ್ರೀ ಬರೆಯಬೇಕೆಂದು ಮೊದಲೇ ಮಾತಾಗಿತ್ತು. ಇವತ್ತು ಕಳಿಸಿದಳು. ಅಮ್ಮನಿಗೆ. ಕಷಾಯಕ್ಕೆ. ಎರಡನೇ ತರಗತಿಯ ಇಪ್ಪತ್ತಾರು ಮಕ್ಕಳಿಗೆ. ಕೋಲು ಮುರಿದ ಹಾಲೇಶಣ್ಣನಿಗೆ. ಆಮೇಲೆ:

'ನನ್ನ ದನಿಗೋಸ್ಕರ ಮೂಟೆಗಳನ್ನು ಉಳಿಸಿಕೊಳ್ಳಲು ತಮ್ಮಿಂದಾದದ್ದನ್ನೆಲ್ಲ ಮಾಡಿದ ಪ್ರಸಾದಣ್ಣನಿಗೆ. ಈ ದನಿಯನ್ನು ಮೊದಲು ಗುರುತಿಸಿದವರು ಅವರು. ಇದರಲ್ಲಿ ಉಳಿದಿರುವುದೆಲ್ಲ ಅವರದೇ.'

ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಮೇಸ್ತ್ರಿ ದಯಾನಂದ ಹಾಜರಿ ಪುಸ್ತಕ ಹಿಡಿದು ಬಂದು, "ಸಾರ್, ಹುಷಾರಿಲ್ವಾ?" ಎಂದು ಕೇಳಿದ.

ಏಪ್ರಿಲ್ 13, ಭಾನುವಾರ

ಹೋಗಲಿಲ್ಲ. ಮೇಘಶ್ರೀಯ ಮನೆಗೆ ಹೋಗಿ ನಿಜ ಹೇಳುತ್ತೇನೆಂದು ಹೊರಟು ಆಲ್ದೂರಿನಲ್ಲಿ ಟೀ ಕುಡಿದು ವಾಪಸು ಬಂದೆ.

ಏಪ್ರಿಲ್ 17, ಗುರುವಾರ

ಹಾಲೇಶನಿಗೆ ಹೇಳಿದೆ. ಅವನ ಅಂಗಡಿಯಲ್ಲಿ, ಮೆಷಿನ್ನಿನ ಸದ್ದಿನ ನಡುವೆ. ಕೇಳಿಸದಿದ್ದರೂ ಪರವಾಗಿಲ್ಲ ಎಂಬಂತೆ ಹೇಳಿದೆ. ಅವನು ಮೆಷಿನ್ ಆಫ್ ಮಾಡಿ, "ಇನ್ನೊಂದ್ಸಲ ಹೇಳು" ಎಂದ. ಹೇಳಿದೆ. ಕೈ ಒರೆಸಿಕೊಂಡ. "ನಂಗೆ ಹೇಳಿ ಎಂತ ಪ್ರಯೋಜನ ಪ್ರಸಾದ? ಗಂಟಲು ನಂದಾ?" ಎಂದು ಮತ್ತೆ ಮೆಷಿನ್ ಆನ್ ಮಾಡಿದ.

ಏಪ್ರಿಲ್ 20, ಭಾನುವಾರ

ಹೋದೆ. ವಸಂತಮ್ಮ ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಮೇಘಶ್ರೀ ಜಗಲಿಯಲ್ಲಿ ಕೂತಿದ್ದಳು. ಮಾತಿಗೆ ಬದಲಾಗಿ ಶಾಲೆಯ ಒಂದು ಸ್ಲೇಟು ಇಟ್ಟುಕೊಂಡಿದ್ದಾಳೆ. ನನ್ನನ್ನು ಕಂಡು 'ಹಾಡು ಕೇಳಿದೆ, ಗಿಟಾರ್ ಯಾಕೆ ಅಷ್ಟು ಕಡಿಮೆ?' ಎಂದು ಬರೆದು ತೋರಿಸಿದಳು. ನಗುತ್ತಿದ್ದಳು.

ಕೂರಲಿಲ್ಲ. ಕೂತರೆ ಮತ್ತೆ ಆಗುವುದಿಲ್ಲವೆಂದು ಗೊತ್ತಿತ್ತು. ಗೌಡರು ಆತುರವಿಲ್ಲ ಅಂದಿದ್ದರು, ಹಾಡು ಮುಗಿಸಿಕೊಂಡೇ ಕಳಿಸು ಅಂದಿದ್ದರು, ನಾನು ಯಾರನ್ನೂ ಬೇಡಿಕೊಳ್ಳಲಿಲ್ಲ, ಲಾರಿ ಕರೆಸಿದವನು ನಾನು ಎಂದೆ. ಯಾಕೆಂದು ಅವಳು ಕೇಳುವ ಮೊದಲೇ, ಕಾಲೇಜಿನಲ್ಲಿ ಎಲ್ಲರೂ ನಿನ್ನನ್ನೇ ಕೇಳಿದರು, ನನಗೆ ಅದು ತಡೆಯಲಾಗಲಿಲ್ಲ ಎಂದೂ ಹೇಳಿದೆ. ಎಷ್ಟು ಸಣ್ಣ ಮಾತು. ಜೋರಾಗಿ ಹೇಳಿದ ಮೇಲೆ ಇನ್ನೂ ಸಣ್ಣದಾಯಿತು.

ಒಳಗೆ ಹೊಲಿಗೆ ಮೆಷಿನ್ ನಿಂತಿತು.

ಮೇಘಶ್ರೀ ಎದ್ದು ನಿಂತಳು. ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಒಳಗಿನಿಂದ ವಸಂತಮ್ಮ ಓಡಿ ಬಂದು, "ಬೇಡ ಮಗಾ! ಮಾತಾಡ್ಬೇಡ, ಮಾತಾಡ್ಬೇಡ" ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿ ಹರಿಯಿತು, ಸದ್ದಿಲ್ಲ. ಅಳಲಿಕ್ಕೂ ಹೆದರುತ್ತಿದ್ದಳು.

ಬೈಸಿಕೊಳ್ಳಬೇಕೆಂದು ಹೋಗಿದ್ದೆ. ಎಂಟು ದಿನದಿಂದ ಅದಕ್ಕೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನ್ನನ್ನು ಬೈಯಲಿಕ್ಕೂ ಅವಳಿಗೆ ದನಿ ಇಲ್ಲ.

ವಸಂತಮ್ಮ ನನ್ನ ಕಡೆ ನೋಡಿ, "ಆ ದೊಡ್ಡ ಮನುಷ್ಯರಿಗೆ ನಾನು ಮುಖ ತಿರುಗಿಸ್ದೆನಲ್ಲೋ ಪ್ರಸಾದಾ" ಎಂದರು. "ನಿಂಗೆ ನನ್ನ ಕೈಯಾರೆ ಊಟ ಬಡಿಸ್ದೆ." ಅಷ್ಟೇ ಅಂದರು.

ಆ ಸಾಲು ತೆಗೆಸುತ್ತೇನೆ, ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದೆ. ಅದೊಂದಾದರೂ ನನ್ನಿಂದ ಆಗುತ್ತದೆ ಎನ್ನಿಸಿತ್ತು. ಮೇಘಶ್ರೀ ಸೆರಗಿನಿಂದ ಸ್ಲೇಟು ಒರೆಸಿ, ನಿಧಾನವಾಗಿ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವಂಥ ದುಂಡು ಅಕ್ಷರದಲ್ಲಿ ಬರೆದಳು:

'ತೆಗೆಯಬೇಡಿ. ಹಾಗೇ ಅಚ್ಚಾಗಲಿ. ಯಾರಾದರೂ ಓದಿ ನಿಮ್ಮನ್ನು ಹೊಗಳಿದಾಗ ಕೇಳಿಸಿಕೊಳ್ಳಿ.'

ನಾನು ಓದಿ ಮುಗಿಸುವ ತನಕ ಹಿಡಿದುಕೊಂಡಿದ್ದಳು. ಆಮೇಲೆ ಒಳಗೆ ಹೋದಳು.

ಏಪ್ರಿಲ್ 21, ಸೋಮವಾರ

ಗೌಡರಿಗೂ ಹೇಳಿದೆ. ಗೋಡೌನಿನ ಕೀಲಿಕೈ ಮೇಜಿನ ಮೇಲಿಡು ಎಂದರು. ಇಟ್ಟೆ. ಕೆಲಸ ಬಿಡು ಎನ್ನಲಿಲ್ಲ. ಮಾರಾಯ ಎಂದೂ ಕರೆಯಲಿಲ್ಲ.

ಏಪ್ರಿಲ್ 23, ಬುಧವಾರ

ಪ್ರೆಸ್ಸಿನಿಂದ ಫೋನ್ ಬಂತು. ಹುಡುಗಿಯೊಬ್ಬಳು ಮಾತಾಡಿದಳು. ಮಡಿಕೆ ಹಾಳೆ ಇವತ್ತು ಮೆಷಿನ್ನಿಗೆ ಹೋಗುತ್ತದೆ, ಇನ್ನೂರು ಪ್ರತಿ, ಕೊನೆಯದಾಗಿ ಒಮ್ಮೆ ಕೇಳೋಣವೆಂದು ಮಾಡಿದೆ ಎಂದಳು. ಆಮೇಲೆ, "ಸಾರ್, ಅದ್ರಲ್ಲಿ ಬರೆದಿರೋ ಪ್ರಸಾದಣ್ಣ ಅಂದ್ರೆ ನೀವೇನಾ? ಓದಿ ಖುಷಿ ಆಯ್ತು ಸಾರ್. ಇಂಥೋರು ಈಗ ಎಲ್ಲಿ ಸಿಗ್ತಾರೆ?" ಎಂದಳು.

ಕೇಳಿಸಿಕೊಂಡೆ.

"ಬದಲಾವಣೆ ಏನಾದ್ರೂ ಇದ್ಯಾ ಸಾರ್?"

ಇಲ್ಲ ಎಂದೆ.